ಆಲ್ದೋ ಬಂದರೆ ಬಟ್ ಬರಬಾರದು

ಮೇರಿಲ್ಯಾಂಡಿನ ಜರ್ಮನ್‌ಟೌನಿನ ಆ ಅಪಾರ್ಟ್‌ಮೆಂಟಿನಲ್ಲಿ ನಮ್ಮಲ್ಲಿ ಯಾರೂ ಕೂತ ಕಡೆ ಕೂತಿರುತ್ತಿರಲಿಲ್ಲ. ಎರಡು ಬೆಡ್‌ರೂಮು, ಒಂದು ಹಾಲು, ಹಾಲಿಗೇ ಅಂಟಿಕೊಂಡ ಅಡುಗೆಮನೆ, ಎರಡು ಕುರ್ಚಿ ಹಾಕಿದರೆ ಮುಗಿದುಹೋಗುವ ಬಾಲ್ಕನಿ. ಲಾಕ್‌ಡೌನ್ ಶುರುವಾದ ಮೇಲೆ ನಾಲ್ಕು ಜನ ಬೆಳಗಿನಿಂದ ಸಂಜೆವರೆಗೆ ಒಬ್ಬರನ್ನೊಬ್ಬರು ದಾಟಿಕೊಂಡು ಅದರೊಳಗೇ ಓಡಾಡುತ್ತಿದ್ದೆವು. ಅಪ್ಪ ಮೊದಮೊದಲು ಬೆಡ್‌ರೂಮಿನಲ್ಲಿ ಕೂತು ಕೆಲಸ ಮಾಡುತ್ತಿದ್ದ. ಅಜ್ಜಿಯ ಸ್ತೋತ್ರ ಮೀಟಿಂಗಿನಲ್ಲಿ ಕೇಳಿಸುತ್ತದೆಂದು ಆಮೇಲೆ ಬಟ್ಟೆಯ ಕ್ಲಾಸೆಟ್ಟಿನೊಳಗೆ ಸೇರಿಕೊಂಡ. ಅಂಗಿಗಳ ನಡುವೆ ಸ್ಟೂಲು ಹಾಕಿಕೊಂಡು ಗಂಭೀರವಾಗಿ ಮಾತಾಡುತ್ತಿದ್ದವನ ಹೆಗಲ ಮೇಲೆ ಅಮ್ಮನ ರೇಷ್ಮೆ ಸೀರೆಯೊಂದರ ಅಂಚು ಇಳಿಬಿದ್ದಿರುತ್ತಿತ್ತು. ಊಟದ ಮೇಜಿನ ಒಂದು ತುದಿಯಲ್ಲಿ ಅಮ್ಮ ಪುಸ್ತಕ ಹರಡಿಕೊಂಡರೆ ಇನ್ನೊಂದು ತುದಿಯಲ್ಲಿ ನನ್ನ ಸ್ಕೂಲು. ಟೀಚರು ನನಗೆ ಮೈಕ್ ಆನ್ ಮಾಡು ಅಂದಾಗಲೆಲ್ಲ ಕುಕ್ಕರ್ ಕೂಗುತ್ತಿತ್ತು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಕಾರಿಡಾರಿಗೆ ಹೋಗುತ್ತಿದ್ದೆ, ಅಲ್ಲಿಂದ ಬಾತ್‌ರೂಮಿಗೆ, ಅಲ್ಲಿಂದ ಬಾಲ್ಕನಿಗೆ. ಬಾಲ್ಕನಿಯಲ್ಲಿ ಅಜ್ಜಿ ನಿಂತಿರುತ್ತಿದ್ದಳು, ಕೆಳಗಿನ ಪಾರ್ಕಿಂಗ್ ಲಾಟಿನ ಕಡೆ ಕಣ್ಣು.

"ಇಷ್ಟೊಂದು ಕಾರಿದಾವೆ, ಒಂದೂ ಎಲ್ಲಿಗೂ ಹೋಗಲ್ವಲ್ಲೇ ನಂದೂ. ಯಾವ ಸೀಮೆ ಊರಿದು!"

ಅಜ್ಜಿ ಅಪ್ಪನ ತಾಯಿ. ಚಳಿಗಾಲದ ಕೊನೆಗೆ ಬಂದು ಯುಗಾದಿಯ ಹೊತ್ತಿಗೆ ಮೈಸೂರಿಗೆ ವಾಪಸ್ಸಾಗಬೇಕಿತ್ತು. ಅಷ್ಟರಲ್ಲಿ ವಿಮಾನಗಳೇ ನಿಂತುಹೋದವು. ಅಲ್ಲಿ ಸರಸ್ವತಿಪುರಂನ ಪುಟ್ಟ ಮನೆಯೊಂದರಲ್ಲಿ ಅಜ್ಜಿಯೂ ಅವಳ ತಂಗಿಯೂ ಒಟ್ಟಿಗೆ ಇದ್ದರು. ತಂಗಿಯನ್ನು ನಾನು ಚಿಕ್ಕಜ್ಜಿ ಎನ್ನುತ್ತಿದ್ದೆ. ಹಾಲಿಗೆ ಹೆಪ್ಪು ಎಷ್ಟು ಹಾಕಬೇಕು ಎಂಬುದರಿಂದ ಹಿಡಿದು ಯಾವ ದೇವರಿಗೆ ಮೊದಲು ಹೂವು ಎಂಬುದರವರೆಗೆ ದಿನವೂ ಜಗಳವಾಡುತ್ತ, ಜಗಳವಿಲ್ಲದೆ ಇರಲಾರದ ಅಕ್ಕತಂಗಿಯರು. ಇಲ್ಲಿಗೆ ಬಂದ ಮೇಲೆ ಆ ಜಗಳವೂ ವಿಡಿಯೋ ಕಾಲಿನಲ್ಲೇ ಮುಂದುವರಿಯಿತು. ಕಾಲ್ ಮುಗಿದ ಮೇಲೆ ಅಜ್ಜಿ ಕಾರ್ಪೆಟ್ಟಿನ ಮೇಲೆ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ನಾನು ಏಳನೇ ವಯಸ್ಸಿಗೆ ಅಮೆರಿಕಕ್ಕೆ ಬಂದವಳು. ಆ ವರ್ಷ ಹನ್ನೆರಡಾಗಿತ್ತು, ಕನ್ನಡದ ಅಕ್ಷರ ಅರ್ಧಕ್ಕರ್ಧ ಮರೆತುಹೋಗಿತ್ತು. ಹೊತ್ತು ಹೋಗದ ಅಜ್ಜಿ ನನ್ನನ್ನು ಹಿಡಿದು ಕೂರಿಸಿ ಮತ್ತೆ ಬರೆಯಿಸಿದಳು. ಈಗ ಕಾಲೇಜಿನ ಊರಿನಲ್ಲಿ ಕೂತು ಇದನ್ನು ಕನ್ನಡದಲ್ಲೇ ಬರೆಯಲು ಆಗುತ್ತಿರುವುದು ಅವಳಿಗೆ ಆ ಕಾಲದಲ್ಲಿ ಬೇರೆ ಕೆಲಸವಿಲ್ಲದ್ದರಿಂದ.

ಅಮ್ಮನ ಹೆಸರು ವಸುಧಾ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಮೂಳೆ ಮುರಿದವರನ್ನು, ಪಾರ್ಶ್ವವಾಯು ಹೊಡೆದವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ಅವಳ ಕೆಲಸ. ಅಮೆರಿಕದಲ್ಲಿ ಆ ಕೆಲಸ ಮಾಡಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ಮುಂಚೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಅಲ್ಲಿಯತನಕ ಪಕ್ಕದ ಊರಾದ ಗೈದರ್ಸ್‌ಬರ್ಗಿನ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದಳು: ಮಂಚ ಒರೆಸುವುದು, ಟವೆಲ್ ಮಡಚುವುದು, ರೋಗಿಗಳು ಬೀಳದಂತೆ ಪಕ್ಕದಲ್ಲಿ ನಿಲ್ಲುವುದು. ಓದಿ ಬರೆಯುವ ಭಾಗಗಳಲ್ಲಿ ಅವಳಿಗೆ ತೊಂದರೆಯೇ ಇರಲಿಲ್ಲ. ಮಾತಾಡುವ ಭಾಗದಲ್ಲಿ ಪ್ರತಿಸಲ ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು, ಬೀಪ್ ಎಂದ ಕೂಡಲೇ, ಎದುರಿಗೆ ಯಾರೂ ಇಲ್ಲದ ಪರದೆಗೆ ಒಂದು ವಿಷಯದ ಎರಡೂ ಕಡೆಯನ್ನು ಹೇಳಬೇಕು. ಹೀಗಿದ್ದರೂ ಹಾಗೆ, ಇದು ನಿಜವಾದರೂ ಅದು ಸರಿ, ಎಂಬಂಥ ಮಾತು ಬಂದ ಕಡೆಯೆಲ್ಲ ಅವಳ ನಾಲಗೆ ಎಡವುತ್ತಿತ್ತು. ಪಾತ್ರೆ ತೊಳೆಯುತ್ತ ನಲ್ಲಿಯ ಸದ್ದಿನ ಮೇಲೆ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಳು.

"ಆಲ್ದೋ ಹೀ ಹ್ಯಾಸ್ ಪೇನ್, ಬಟ್ ಹೀ ಮಸ್ಟ್ ವಾಕ್."

ನಾನು ಕಾರಿಡಾರಿನಿಂದಲೇ ಕೂಗುತ್ತಿದ್ದೆ.

"ಅಮ್ಮ, ನೋ 'ಬಟ್'! ಯು ಆಲ್ರೆಡಿ ಸೆಡ್ 'ಆಲ್ದೋ'!"

"ಯಾಕೆ ಅಂತ ಹೇಳೇ."

"ಐ ಡೋಂಟ್ ನೋ. ಇಟ್ ಜಸ್ಟ್ ಸೌಂಡ್ಸ್ ರಾಂಗ್."

ಆ ಉತ್ತರ ಅವಳನ್ನು ರೇಗಿಸುತ್ತಿತ್ತು. ಕೇಳಿದರೆ ತಪ್ಪು ಅನ್ನಿಸುತ್ತದೆ ಎಂದರೆ, ಕೇಳಿಕೊಂಡು ಬೆಳೆಯದವರು ಎಲ್ಲಿಗೆ ಹೋಗಬೇಕು? ನಿಯಮ ಕೊಡು, ಕಲಿಯುತ್ತೇನೆ ಅನ್ನುತ್ತಿದ್ದಳು. ಅಜ್ಜಿಗಂತೂ ಇಡೀ ಗಲಾಟೆಯೇ ಅರ್ಥವಾಗುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಮನೆಗೆ ಬರುತ್ತಿದ್ದ ಶಾಸ್ತ್ರಿಗಳೊಬ್ಬರು ಆಲ್ದೋ ಅನ್ನುವುದಕ್ಕೆ ಸಂಸ್ಕೃತದ ಯದ್ಯಪಿ ಎಂದು ಶುರುಮಾಡಿದರೆ ತಥಾಪಿ ಎಂದು ಕೈ ಎತ್ತದೆ ಮಾತು ಮುಗಿಸುತ್ತಿರಲಿಲ್ಲವಂತೆ.

"ಯದ್ಯಪಿ ಅಂದ್ಮೇಲೆ ತಥಾಪಿ ಬೇಡ್ವಾ? ಜೋಡಿ ಪದ ಅದು. ಒಂದನ್ನ ಕರ್ದು ಇನ್ನೊಂದನ್ನ ಬಾಗಿಲಾಚೆ ನಿಲ್ಸಿದ್ರೆ ಹೆಂಗೆ? ನಿಮ್ಮ ಇಂಗ್ಲಿಷ್‌ನೋರಿಗೆ ಮರ್ಯಾದೆ ಗೊತ್ತಿಲ್ಲ ಬಿಡು."

ಇದನ್ನು ತಮಾಷೆಗೆ ಹೇಳಿದವಳಲ್ಲ. ಸೊಸೆ ಈ ವಯಸ್ಸಿನಲ್ಲಿ ಪುಸ್ತಕ ಹಿಡಿದು ಕೂರುವುದು ಅಜ್ಜಿಗೆ ಹಿಡಿಸಿರಲಿಲ್ಲ. ಸಾರಿಗೆ ಒಗ್ಗರಣೆ ಬೀಳುವುದು ತಡವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಊಟಾನೂ ಇಂಗ್ಲಿಷ್‌ನಲ್ಲೇನೋ," ಅನ್ನುತ್ತಿದ್ದಳು. ಅಮ್ಮ ಸೌಟನ್ನು ಬೇಕಾದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು.

ಕ್ಲಿನಿಕ್ ಮತ್ತೆ ತೆರೆದ ಮೇಲೆ ಅಮ್ಮನಿಗೆ ಮಿಸ್ ಲೊರೇನ್ ಸಿಕ್ಕಿದರು. ಸೌತ್ ಕ್ಯಾರೊಲೈನಾದಲ್ಲಿ ಹುಟ್ಟಿ, ಮೇರಿಲ್ಯಾಂಡಿನ ಶಾಲೆಗಳಲ್ಲಿ ಬದುಕಿಡೀ ಇಂಗ್ಲಿಷ್ ಕಲಿಸಿ ನಿವೃತ್ತರಾದ ಕಪ್ಪು ಹೆಂಗಸು. ಮಂಡಿಯ ಆಪರೇಷನ್ ಆಗಿ ಕ್ಲಿನಿಕ್ಕಿಗೆ ಬರುತ್ತಿದ್ದರು. ಅವರು ಬೀಳದಂತೆ ಪಕ್ಕದಲ್ಲಿ ನಡೆಯುವುದು ಅಮ್ಮನ ಪಾಲಿಗೆ ಬಂದಿತ್ತು. ನಡೆಯುತ್ತ ನಡೆಯುತ್ತ ಪರೀಕ್ಷೆಯ ವಿಷಯ ಹೊರಬಿದ್ದಿರಬೇಕು. ಆಮೇಲೆ ಶನಿವಾರದ ಬೆಳಗ್ಗೆ ನಾವಿಬ್ಬರೂ ಗೈದರ್ಸ್‌ಬರ್ಗಿನ ಅವರ ಮನೆಗೆ ಹೋಗತೊಡಗಿದೆವು. ನನಗೆ ಅಪಾರ್ಟ್‌ಮೆಂಟಿನಿಂದ ಹೊರಗೆ ಹೋಗುವುದೇ ಬೇಕಾಗಿತ್ತು. ಮನೆಯ ಮುಂದಿನ ಮೇಪಲ್ ಮರದ ಕೆಳಗೆ ದೂರದೂರ ಕುರ್ಚಿ, ಎಲ್ಲರ ಮುಖಕ್ಕೂ ಮಾಸ್ಕು. ಮೊದಲು ಅಮ್ಮ ಅವರನ್ನು ರಸ್ತೆಯ ತಿರುವಿನವರೆಗೆ ನಡೆಸಿಕೊಂಡು ಹೋಗಿ ಬರಬೇಕು, ಆಮೇಲೆ ಪಾಠ. ಮಿಸ್ ಲೊರೇನ್ ಎಂದೂ ಪೆನ್ನು ಹಿಡಿಯಲಿಲ್ಲ. ಬಾಯಲ್ಲೇ ಹೇಳಿ ಬಾಯಲ್ಲೇ ಹೇಳಿಸುತ್ತಿದ್ದರು. ಡಿಸ್ಪೈಟ್ ಆದಮೇಲೆ ಆಫ್ ಇಲ್ಲ, ಇನ್ ಸ್ಪೈಟ್ ಆದಮೇಲೆ ಆಫ್ ಇದೆ. ಈವನ್ ದೋ ಎಂದರೆ ಆಲ್ದೋಗಿಂತ ಒಂದು ಮೆಟ್ಟಿಲು ಮೇಲೆ, ಆಶ್ಚರ್ಯ ಇದ್ದರೆ ಮಾತ್ರ ಹತ್ತು. ಆಲ್ದೋ ಬಂದರೆ ಬಟ್ ಬರಬಾರದು. ಅಮ್ಮ ತನ್ನ ಹಳೆಯ ಪ್ರಶ್ನೆಯನ್ನು ಅವರ ಮುಂದಿಟ್ಟಳು: ಯಾಕೆ?

ಅವರು ಹೇಳಿದ್ದನ್ನು ನನ್ನ ಕನ್ನಡಕ್ಕೆ ತಂದರೆ ಹೀಗೆ: ಆಲ್ದೋ ಎಂದು ಶುರುವಾದ ಮಾತು ಒಂಟಿಯಾಗಿ ನಿಲ್ಲಲಾರದು, ಇನ್ನೊಂದು ಪೂರ್ತಿ ಮಾತಿಗೆ ಅದು ಒರಗಿಕೊಳ್ಳಬೇಕು. ಬಟ್‌ನ ಕೆಲಸವೇ ಬೇರೆ, ಎರಡು ಕಾಲಿನ ಮೇಲೆ ನಿಂತ ಎರಡು ಮಾತುಗಳ ನಡುವೆ ಅದು ನಿಲ್ಲುತ್ತದೆ. ಒರಗಿದವನನ್ನೂ ನಿಂತವನನ್ನೂ ಬಟ್‌ನಿಂದ ಕಟ್ಟಿದರೆ ಇಬ್ಬರೂ ಬೀಳುತ್ತಾರೆ.

"ಒರಗೋ ಭಾಗಕ್ಕೆ ಡಿಪೆಂಡೆಂಟ್ ಕ್ಲಾಝ್ ಅಂತಾರೆ," ಎಂದರು.

"ನನ್ನ ವೀಸಾಕ್ಕೂ ಅದೇ ಹೆಸರು, ಡಿಪೆಂಡೆಂಟ್," ಎಂದಳು ಅಮ್ಮ.

ಅದರ ಅರ್ಥ ಅವರು ಕೇಳಿದರು. ಗಂಡನ ಕೆಲಸ ಇರುವ ತನಕ ನಾನೂ ನನ್ನ ಮಗಳೂ ಈ ದೇಶದಲ್ಲಿ ಇರಬಹುದು, ನಾನು ಕೆಲಸ ಮಾಡಬಹುದು, ಅದು ಹೋದರೆ ಇಲ್ಲ, ಎಂದು ಅಮ್ಮ ವಿವರಿಸಿದಳು. ಮಿಸ್ ಲೊರೇನ್ ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. ಆಮೇಲೆ, "ಅಗೇನ್. ಫ್ರಮ್ ದ ಟಾಪ್," ಎಂದರು.

ಚಳಿಗಾಲ ಶುರುವಾಗುವ ಮುಂಚೆ ಒಂದು ಸಂಜೆ ಅಮ್ಮ ಕ್ಲಿನಿಕ್ಕಿನಿಂದ ಬಂದವಳು ಶೂ ಬಿಚ್ಚದೆ ಅಡುಗೆಮನೆಗೆ ನುಗ್ಗಿದಳು. ಕೊತ್ತಂಬರಿಯ ಕಟ್ಟನ್ನು ಹಲಗೆಯ ಮೇಲೆ ಒಗೆದು ಬೇರಿನ ಸಮೇತ ಹೆಚ್ಚತೊಡಗಿದಳು. ಮ್ಯಾನೇಜರ್ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ಪರದೆಯ ಈಚೆ ಟವೆಲ್ ಮಡಚುತ್ತಿದ್ದ ಅವಳಿಗೆ ಕೇಳಿಸಿತ್ತು. ವಸುಧಾ ರೋಗಿಗಳ ಜೊತೆ ಅದ್ಭುತ, ಬಟ್ ಅವಳ ಇಂಗ್ಲಿಷ್... ಎಂದು.

"ಅದ್ಭುತ ಅಂದನಲ್ಲ, ಅದನ್ನ ಇಟ್ಕೋ," ಎಂದ ಅಪ್ಪ, ಕ್ಲಾಸೆಟ್ಟಿನಿಂದ ತಲೆ ಹೊರಗೆ ಹಾಕಿ.

"ಹೆಂಗೆ ಇಟ್ಕೊಳ್ಳಿ? ಅದ್ರ ಮೇಲೆ ಬಟ್ ಹತ್ತಿ ಕೂತಿದ್ಯಲ್ಲ!"

ಶನಿವಾರ ಮಿಸ್ ಲೊರೇನ್ ಈ ಮಾತು ಕೇಳಿ, ಅದೇ ವಾಕ್ಯವನ್ನು ತಿರುಗಿಸಿ ಹೇಳು ಎಂದರು. ಅವಳ ಇಂಗ್ಲಿಷಿನಲ್ಲಿ ಅಲ್ಲಲ್ಲಿ ತೊಡಕಿದೆ, ಬಟ್ ರೋಗಿಗಳ ಜೊತೆ ಅದ್ಭುತ. ಪದಗಳು ಅವೇ, ಆದರೂ ಬೇರೆ ಹೆಂಗಸಿನ ಬಗ್ಗೆ ಹೇಳಿದಂತೆ ಕೇಳಿಸಿತು. ಜನ ಮನೆಗೆ ಒಯ್ಯುವುದು ಕೊನೆಯ ಮಾತನ್ನು, ಅದನ್ನು ಯಾರ ಕೈಗೂ ಬಿಡಬೇಡ, ಎಂದರು. ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ನಮ್ಮ ಮನೆಯವರನ್ನೆಲ್ಲ ಹಾಗೆ ಹಿಂದುಮುಂದು ಮಾಡಿ ನೋಡುತ್ತಿದ್ದಳು. ನಿಮ್ಮಪ್ಪ ಒಳ್ಳೆಯವರು, ಆದ್ರೆ ಹೇಳದೆ ಕೇಳದೆ ತೀರ್ಮಾನ ಮಾಡ್ತಾರೆ. ನಿಮ್ಮಪ್ಪ ಹೇಳದೆ ಕೇಳದೆ ತೀರ್ಮಾನ ಮಾಡ್ತಾರೆ, ಆದ್ರೆ ಒಳ್ಳೆಯವರು. ಎರಡನೆಯದನ್ನು ಹೇಳಿ ಸಿಗ್ನಲ್ಲಿನಲ್ಲಿ ಒಬ್ಬಳೇ ನಕ್ಕಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಗೈದರ್ಸ್‌ಬರ್ಗಿನ ಲ್ಯಾಬೊಂದರಲ್ಲಿ ಅಪ್ಪನಿಗಿದ್ದ ಕಾಂಟ್ರಾಕ್ಟ್ ಹೊಸ ವರ್ಷದ ಹೊತ್ತಿಗೆ ಮುಗಿಯುವುದಿತ್ತು. ಕಾರಿನಲ್ಲಿ ಐದು ಗಂಟೆ ದೂರದ ನಾರ್ತ್ ಕ್ಯಾರೊಲೈನಾದ ಏಪೆಕ್ಸ್ ಎಂಬ ಊರಿನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಸಿಕ್ಕಿದ ವಿಷಯವನ್ನು ಅವನು ನಮಗೆ ಹೇಳಿದ್ದು ಒಂದು ಭಾನುವಾರ, ಅಕ್ಕಿ ರೊಟ್ಟಿ ಮುರಿಯುತ್ತ, ಒಪ್ಪಿಕೊಂಡಾದ ಮೇಲೆ.

"ನಾನು ಯೆಸ್ ಅಂದ್ಬಿಟ್ಟೆ ವಸು. ಫೆಬ್ರವರಿಯಿಂದ ಆಫೀಸಿಗೇ ಹೋಗ್ಬೇಕು. ಅಷ್ಟೊತ್ತಿಗೆ ಅಮ್ಮಂಗೂ ಫ್ಲೈಟ್ ಸಿಗತ್ತೆ, ನಾವು ಮೂರೂ ಜನ ಶಿಫ್ಟ್ ಆಗೋಣ."

"ನನ್ನ ಪರೀಕ್ಷೆ?"

"ಅಲ್ಲೂ ಬರೀಬಹುದು."

"ಮಿಸ್ ಲೊರೇನ್ ಅಲ್ಲಿದಾರಾ? ನನ್ನ ಕ್ಲಿನಿಕ್ ಅಲ್ಲಿದ್ಯಾ? ಲೈಸೆನ್ಸ್ ಬಂದ್ರೆ ಇಲ್ಲೇ ತಗೋತೀವಿ ಅಂತ ಹೇಳಿದಾರೆ."

"ನೀನು ಹೇಳೋದು ಸರಿ. ಆದ್ರೆ ವೀಸಾ..."

ಅಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ನಿನ್ನ 'ಸರಿ' ಒಂದು ಸಲಾನಾದ್ರೂ ಒಂಟಿಯಾಗಿ ಬಂದಿದ್ಯಾ ರವಿ? ಸರಿ ಅಂತ ಬಾಗಿಲು ತೆಗೀತೀಯ, ಹಿಂದೇನೇ ಆದ್ರೆ ನಿಂತಿರತ್ತೆ."

ಅಪ್ಪನ ಕಿವಿ ಕೆಂಪಾಯಿತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅವನ ಹೆದರಿಕೆ ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. ಕಾಂಟ್ರಾಕ್ಟ್ ಮುಗಿಯುವ ಸುದ್ದಿ ಬಂದಾಗಿನಿಂದ ಅವನು ಸ್ಟೂಲಿನ ಮೇಲೆ ಕೂರುವುದನ್ನೂ ಬಿಟ್ಟು, ಕ್ಲಾಸೆಟ್ಟಿನೊಳಗೇ ನಿಂತು ಫೋನ್ ಮಾಡುತ್ತಿದ್ದ. ಅಜ್ಜಿ ಮಾತ್ರ ರೊಟ್ಟಿ ಮುಗಿಸಿ, ಬೆಣ್ಣೆ ಇನ್ನಷ್ಟು ಇದೆಯಾ ಎಂದು ಕೇಳಿದಳು. ತನಗೆ ಫ್ಲೈಟ್ ಸಿಗುತ್ತದೆ ಎಂಬ ಮಾತಷ್ಟೇ ಅವಳ ಕಿವಿಗೆ ಬಿದ್ದಿತ್ತು.

ಜನವರಿಯ ಕೊನೆಗೆ ಅಮ್ಮ ಪರೀಕ್ಷೆ ಬರೆದಳು. ಮತ್ತೆ ಸ್ವಲ್ಪದರಲ್ಲಿ ತಪ್ಪಿತು. ಪಕ್ಕದ ಸೀಟಿನವನು ಜೋರಾಗಿ ಮಾತಾಡುತ್ತಿದ್ದುದರಿಂದ ತನ್ನದೇ ಮಾತು ತನಗೆ ಕೇಳಿಸಲಿಲ್ಲ, ಆಲ್ದೋ ಎಂದವಳು ಮುಂದಿನದು ಹೊಳೆಯದೆ ನಿಂತುಬಿಟ್ಟೆ, ಎಂದಳು. ಅದೇ ವಾರ ಅಪ್ಪ ತನ್ನ ಕಾರಿಗೆ ಎರಡು ಸೂಟ್‌ಕೇಸ್, ಒಂದು ಕುಕ್ಕರ್ ಹಾಕಿಕೊಂಡು ಏಪೆಕ್ಸಿಗೆ ಹೊರಟ. ಅಜ್ಜಿಯ ಟಿಕೆಟ್ ಬುಕ್ ಆಗಿತ್ತು. ಅವಳು ಹೋದ ಕೂಡಲೇ ನಾವಿಬ್ಬರೂ ಅಪ್ಪನ ಬಳಿಗೆ ಹೋಗುವುದೆಂದಾಯಿತು. ಕ್ಲಿನಿಕ್ಕಿಗೆ ಅಮ್ಮ ಬೆಳಗಾಗುವ ಮೊದಲೇ ಹೋಗಬೇಕಿತ್ತು. ದಿನವಿಡೀ ನನ್ನೊಬ್ಬಳನ್ನೇ ಮನೆಯಲ್ಲಿ ಬಿಡಲು ಅವಳು ಒಪ್ಪುವಂತಿರಲಿಲ್ಲ. ಅವಳು ಪುಸ್ತಕಗಳನ್ನು ಡಬ್ಬಿಗೆ ತುಂಬಿ ಟೇಪು ಸುತ್ತಿದಳು. ಅಳಲಿಲ್ಲ. ಒಂದೇ ಸಮನೆ ಮನೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಫ್ರಿಜ್ಜಿನ ಹಿಂದೆ, ಸ್ಟೌವಿನ ಕೆಳಗೆ, ಕಿಟಕಿಯ ಸಂದಿನಲ್ಲಿ.

ಅಜ್ಜಿ ಇದನ್ನು ಸೋಫಾದ ಮೇಲೆ ಕೂತು ನೋಡುತ್ತಿದ್ದಳು. ಅವಳ ಸೂಟ್‌ಕೇಸು ವಾರದ ಹಿಂದೆಯೇ ಸಿದ್ಧವಾಗಿ ಬಾಗಿಲ ಬಳಿ ನಿಂತಿತ್ತು. ಚಿಕ್ಕಜ್ಜಿಗೆಂದು ಕೊಂಡ ಬಾದಾಮಿ, ಸ್ವೆಟರು, ನೋವಿನ ಮುಲಾಮು ಎಲ್ಲ ಅದರಲ್ಲಿದ್ದವು. ಸಂಜೆ ಅಪ್ಪನ ಕಾಲ್ ಬಂದಾಗ ಅಜ್ಜಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ರವೀ, ಮುಂದಿನ ಪರೀಕ್ಷೆ ಯಾವಾಗಂತೆ ಇವಳ್ದು?"

"ಮೇ ತಿಂಗಳಲ್ಲಿ ಸ್ಲಾಟ್ ಇದ್ಯಂತೆ. ಯಾಕಮ್ಮ?"

"ಅಲ್ಲೀವರ್ಗೂ ಇರ್ತೀನಿ. ಆ ಟಿಕೆಟ್ ಕ್ಯಾನ್ಸಲ್ ಮಾಡು."

ಒರೆಸುವ ಬಟ್ಟೆ ಹಿಡಿದಿದ್ದ ಅಮ್ಮನ ಕೈ ನಿಂತಿತು. ಅಪ್ಪ, ವೀಸಾ ಇನ್ನೊಂದು ಸಲ ಎಕ್ಸ್‌ಟೆಂಡ್ ಮಾಡಿಸಬೇಕಾಗುತ್ತದೆ, ಚಿಕ್ಕಮ್ಮ ಒಬ್ಬರೇ ಇದ್ದಾರೆ, ಇಷ್ಟು ದಿನ ಹೋಗ್ತೀನಿ ಹೋಗ್ತೀನಿ ಅಂತ ಪ್ರಾಣ ತಿಂದೆಯಲ್ಲ, ಎಂದೆಲ್ಲ ಹೇಳಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ನಿನ್ನ ಹೆಂಡ್ತಿ ಮೇಲೆ ನಂಗೇನು ಪ್ರೀತಿ ಉಕ್ಕಿ ಹರೀತಿಲ್ಲ. ಅವಳು ಮಾಡೋ ಹುಳೀಲಿ ಉಪ್ಪಿರಲ್ಲ, ನಾನು ಕರೆದ್ರೆ ಓಗೊಡಲ್ಲ. ಆದ್ರೂ ಇರ್ತೀನಿ. ಮಗೂನ ನೋಡ್ಕೋತೀನಿ. ಅವಳು ಬರೀಲಿ."

ಇದನ್ನು ಅಮ್ಮನ ಎದುರಿಗೇ, ಅಮ್ಮನ ಕಡೆ ನೋಡದೆ ಹೇಳಿ, ಫೋನನ್ನು ನನಗೆ ಕೊಟ್ಟು, ಕಾಲು ಚಾಚಿ ಕೂತಳು. ಅಮ್ಮ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಆ ರಾತ್ರಿಯ ಊಟಕ್ಕೆ ಹುಳಿಯಲ್ಲಿ ಉಪ್ಪು ಎಷ್ಟಿತ್ತೆಂದರೆ ಅಜ್ಜಿ ಮೂರು ಲೋಟ ನೀರು ಕುಡಿದು ಊಟ ಮುಗಿಸಿದಳು.

ಮನೆಯಲ್ಲಿ ಮೂರು ಜನ ಹೆಂಗಸರಾದೆವು. ಪುಸ್ತಕಗಳು ಡಬ್ಬಿಯಿಂದ ಹೊರಬಂದವು. ಅಪ್ಪನ ಅಂಗಿಗಳಿಲ್ಲದ ಕ್ಲಾಸೆಟ್ಟಿನಲ್ಲಿ ಈಗ ಅಮ್ಮ ಸ್ಟೂಲು ಹಾಕಿಕೊಂಡಳು. ಪರೀಕ್ಷೆಯ ಕೋಣೆಯ ಗದ್ದಲಕ್ಕೆ ಅಭ್ಯಾಸವಾಗಲೆಂದು ಮಿಸ್ ಲೊರೇನ್ ಒಂದು ಉಪಾಯ ಹೇಳಿದ್ದರು: ಅವಳು ಮಾತಾಡುವಾಗ ಮನೆಯವರು ಪಕ್ಕದಲ್ಲೇ ಗಟ್ಟಿಯಾಗಿ ಬೇರೇನಾದರೂ ಮಾತಾಡಬೇಕು. ಈ ಕೆಲಸಕ್ಕೆ ಅಜ್ಜಿಗಿಂತ ಯೋಗ್ಯರು ಅಮೆರಿಕದಲ್ಲಿ ಇರಲಿಲ್ಲ. ಕ್ಲಾಸೆಟ್ಟಿನ ಬಾಗಿಲಿಗೆ ಕುರ್ಚಿ ಎಳೆದುಕೊಂಡು ವಿಷ್ಣು ಸಹಸ್ರನಾಮ ಶುರುಮಾಡುತ್ತಿದ್ದಳು. ಒಳಗೆ ಅಮ್ಮ ಆಲ್ದೋ, ಹೊರಗೆ ಅಜ್ಜಿ ವಿಶ್ವಂ ವಿಷ್ಣುಃ. ನಾನು ಟೈಮರ್ ಹಿಡಿದು ನಿಂತಿರುತ್ತಿದ್ದೆ. ಅಮ್ಮನ ವಾಕ್ಯ ಅರ್ಧಕ್ಕೆ ನಿಂತರೆ ಅಜ್ಜಿಯೂ ನಿಲ್ಲಿಸಿ, "ಏನಾಯ್ತು? ಮುಂದಕ್ಕೆ ಹೋಗು," ಎಂದು ಗದರುತ್ತಿದ್ದಳು.

ಏಪ್ರಿಲ್ ಬಂತು. ಮೈಸೂರಿನಿಂದ ಬರುವ ಸುದ್ದಿಗಳು ಕೆಟ್ಟವಾಗುತ್ತ ಹೋದವು. ಪಕ್ಕದ ಬೀದಿಯವರು, ಹಾಲಿನವನು, ಅಜ್ಜಿಯ ಭಜನೆಯ ಗೆಳತಿ. ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ. ಅಜ್ಜಿ ಗೋಡೆಯಿಂದ ಗೋಡೆಗೆ ನಡೆಯುವುದನ್ನು ಮತ್ತೆ ಶುರುಮಾಡಿದಳು. ಒಂದು ಬೆಳಗ್ಗೆ ವಿಡಿಯೋದಲ್ಲಿ ಚಿಕ್ಕಜ್ಜಿ ಜಗಳವಾಡಲಿಲ್ಲ. ಎರಡು ಮಾತಾಡುವಷ್ಟರಲ್ಲಿ ಏದುಸಿರು. ಜ್ವರ ಬಂದಿತ್ತು, ಟೆಸ್ಟ್ ಪಾಸಿಟಿವ್. ಪರಿಚಯದ ಡಾಕ್ಟರು ಮಾತ್ರೆ ಕೊಟ್ಟು, ಆಸ್ಪತ್ರೆಯಲ್ಲಿ ಜಾಗ ಇಲ್ಲ, ಮನೆಯಲ್ಲೇ ಇರಲಿ, ಆಕ್ಸಿಜನ್ ನೋಡಿಕೊಳ್ಳಿ, ಎಂದಿದ್ದರಂತೆ. ಪಕ್ಕದ ಮನೆಯ ಹುಡುಗಿ ಎರಡು ಮಾಸ್ಕ್ ಹಾಕಿಕೊಂಡು ಗಂಜಿ ಇಟ್ಟುಹೋಗುತ್ತಿದ್ದಳು.

ಅಜ್ಜಿ ಫೋನ್ ಹಿಡಿದು ನಿಂತಿದ್ದಳು. "ನಾನು ಅಲ್ಲಿರ್ಬೇಕಿತ್ತು" ಎನ್ನುವುದನ್ನು ಬಿಟ್ಟು ಬೇರೆ ಮಾತೇ ಬರುತ್ತಿರಲಿಲ್ಲ. ಅಮ್ಮ ಕೈಯೊರೆಸಿಕೊಂಡು ಬಂದು ಫೋನ್ ತೆಗೆದುಕೊಂಡಳು. ಅವಳ ದನಿ ಬದಲಾದದ್ದನ್ನು ನಾನು ಆಗ ಮೊದಲ ಸಲ ಕೇಳಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಅವಳು ಕೆಲಸ ಮಾಡುವುದನ್ನು ನಾನು ನೋಡಿರಲಿಲ್ಲ.

"ಚಿಕ್ಕತ್ತೆ, ನನ್ನ ಮಾತು ಕೇಳಿಸ್ತಿದ್ಯಾ? ಮಾತಾಡ್ಬೇಡಿ, ತಲೆ ಆಡ್ಸಿ ಸಾಕು. ಈಗ ಬೋರಲು ಮಲಗ್ಬೇಕು. ಎದೆ ಕೆಳಗೊಂದು ದಿಂಬು, ಸೊಂಟದ ಕೆಳಗೊಂದು. ಭಯ ಆಗತ್ತೆ, ಗೊತ್ತು. ಭಯ ಆದ್ರೂ ತಿರುಗಿ. ನಿಧಾನಕ್ಕೆ. ಮೂಗಲ್ಲಿ ಎಳ್ಕೊಳ್ಳಿ, ದೀಪ ಆರ್ಸೋ ಹಂಗೆ ಬಾಯಲ್ಲಿ ಬಿಡಿ. ನಾನು ಇಲ್ಲೇ ಇದೀನಿ."

ದಿನಕ್ಕೆ ಮೂರು ಹೊತ್ತು ಹಾಗೆ ನಡೆಯಿತು. ಕ್ಲಿನಿಕ್ಕಿಗೆ ಹೊರಡುವ ಮುಂಚೆ ಒಮ್ಮೆ, ಮಧ್ಯಾಹ್ನ ತನ್ನ ಕಾರಿನಲ್ಲಿ ಕೂತು ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಪಕ್ಕದ ಮನೆಯ ಹುಡುಗಿ ಬೆರಳಿಗೆ ಹಾಕುವ ಆಕ್ಸಿಜನ್ ಮೀಟರನ್ನು ಕ್ಯಾಮೆರಾಕ್ಕೆ ಹಿಡಿಯುತ್ತಿದ್ದಳು, ಅಮ್ಮ ನೋಡಿ ಡಾಕ್ಟರಿಗೆ ಫೋನ್ ಮಾಡಿ ಹೇಳುತ್ತಿದ್ದಳು. ಅಜ್ಜಿ ಅಮ್ಮನ ಹೆಗಲ ಹಿಂದೆ ನಿಂತು ತಾನೂ ಬಾಯಿ ಸೊಟ್ಟ ಮಾಡಿ ಉಸಿರು ಬಿಡುತ್ತಿದ್ದಳು. ಇಂಗ್ಲಿಷ್ ಪುಸ್ತಕಗಳನ್ನು ಯಾರೂ ಮುಟ್ಟಲಿಲ್ಲ. ಪರೀಕ್ಷೆಗೆ ಕೆಲವೇ ದಿನ ಉಳಿದಿರುವಾಗ, ಈ ಸಲ ಬಿಡುತ್ತೇನೆ, ಎಂದಳು ಅಮ್ಮ. ಮುಗಿಯುವ ತನಕ ಫೋನ್ ಮುಟ್ಟುವಂತಿಲ್ಲ, ಅಷ್ಟರಲ್ಲಿ ಏನಾದರೂ ಆದರೆ?

ಚಿಕ್ಕಜ್ಜಿಯ ಜ್ವರ ಆಗ ಇಳಿದಿತ್ತು. ಉಸಿರು ಮಾತ್ರ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ಅಜ್ಜಿ ನಡೆಯುವುದನ್ನು ನಿಲ್ಲಿಸಿ ಹೇಳಿದಳು.

"ಬೋರಲು ಮಲಗ್ಸೋದು ನಂಗೂ ಬರತ್ತೆ ಈಗ. ನೀನು ಹೇಳಿದ್ದೆಲ್ಲ ಕೇಳ್ಕೊಂಡಿದೀನಲ್ಲ. ನಾನು ನೋಡ್ಕೋತೀನಿ, ನೀನು ಹೋಗು."

"ಅತ್ತೆ, ಆದ್ರೆ..."

"ಆದ್ರೆ ಗೀದ್ರೆ ಎಲ್ಲ ಅಲ್ಲಿ ಹೋಗಿ ಹೇಳು. ಅದಕ್ಕೇ ತಾನೇ ಪರೀಕ್ಷೆ ಇಟ್ಟಿರೋದು?"

ಪರೀಕ್ಷೆಯ ಹಿಂದಿನ ದಿನ ಅಪ್ಪ ಏಪೆಕ್ಸಿನಿಂದ ಬಂದ. ಬೆಳಗ್ಗೆ ಅವನೇ ಅವಳನ್ನು ಡ್ರೈವ್ ಮಾಡಿ ಕರೆದುಕೊಂಡು ಹೋದ, ಹೊರಗೆ ಪಾರ್ಕಿಂಗ್ ಲಾಟಿನಲ್ಲೇ ಕಾದ. ಮನೆಯಲ್ಲಿ ಅಜ್ಜಿ ಸೋಫಾದ ತುದಿಯಲ್ಲಿ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತಂಗಿಗೆ ಆಜ್ಞೆ ಕೊಡುತ್ತಿದ್ದಳು. "ದಿಂಬು ಕೆಳಗೆ ತಗೋ. ಇನ್ನೂ ಕೆಳಗೆ. ವಸುಧಾ ಹೇಳಿರೋದು ಹಂಗಲ್ಲ." ಆ ಕಡೆಯಿಂದ ಚಿಕ್ಕಜ್ಜಿ ಬಹಳ ದಿನದ ಮೇಲೆ ಮೊದಲ ಸಲ ಎದುರು ಮಾತಾಡಿದಳು: "ನಿಂಗೇನ್ ಗೊತ್ತೇ, ನೀನೇನು ಡಾಕ್ಟರಾ?" ಅಜ್ಜಿಯ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಜಗಳ ಮುಂದುವರಿಸಿದಳು.

ಫಲಿತಾಂಶ ಬಂದ ಮಧ್ಯಾಹ್ನ ಅಮ್ಮ ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ಫೋನ್ ನೋಡಿದಳು, ಕೆಳಗಿಟ್ಟಳು, ಇನ್ನೊಂದು ಹುರುಳಿಕಾಯಿ ಎತ್ತಿಕೊಂಡಳು. ಅವಳ ಬೆರಳುಗಳು ನಾರು ಸಿಗದೆ ತಡಕಾಡುತ್ತಿದ್ದವು.

"ಏನಂತೆ?" ಎಂದಳು ಅಜ್ಜಿ.

"ಆಯ್ತು."

"ಆಯ್ತು ಅಂದ್ರೆ?"

"ಪಾಸಾಯ್ತು ಅತ್ತೆ."

ನಾನು ಕಿರುಚಿಕೊಂಡು ಅಪ್ಪನಿಗೆ ಕಾಲ್ ಮಾಡಿ ಸ್ಪೀಕರಿಗೆ ಹಾಕಿದೆ. ಅವನು ಕೇಳಿದ.

"ವಸು, ನಾನೇ ಅಲ್ಲಿಗೆ ವಾಪಸ್ ಬರ್ಲಾ? ಕೆಲಸ ಹುಡುಕ್ತೀನಿ."

ಅವನು ಅಮ್ಮನನ್ನು ಹೀಗೆ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಅಮ್ಮ ಬಾಲ್ಕನಿಯ ಆಚೆ ನೋಡುತ್ತ ಯೋಚಿಸಿದಳು. ಮುಂದಿನ ಲೈಸೆನ್ಸ್ ಪರೀಕ್ಷೆಯನ್ನು ಯಾವ ರಾಜ್ಯದಿಂದಲೂ ಬರೆಯಬಹುದಿತ್ತು. ಮಿಸ್ ಲೊರೇನ್ ಈಗ ಕೋಲಿಲ್ಲದೆ ತಿರುವು ದಾಟಿ ನಡೆಯುತ್ತಿದ್ದರು.

"ಬೇಡ. ಸ್ಕೂಲ್ ಮುಗೀಲಿ, ನಾವೇ ಬರ್ತೀವಿ."

ಅಪ್ಪ ಫೋನ್ ಇಡಲಿಲ್ಲ. ಅವನು ಏನನ್ನೋ ಕಾಯುತ್ತಿದ್ದನೆಂದು ನಮಗೆಲ್ಲ ಗೊತ್ತಾಗುತ್ತಿತ್ತು.

"ಆದ್ರೆ?" ಎಂದ ಕೊನೆಗೆ.

"ಏನಿಲ್ಲ. ಬರ್ತೀವಿ, ಅಷ್ಟೆ. ಮಂಡಿ ನೋವಿರೋರು ಆ ಊರಲ್ಲೂ ಇರ್ತಾರೆ."

ಅಜ್ಜಿ ಫೋನಿನ ಹತ್ತಿರ ಬಾಗಿ, ಕಿವುಡನಿಗೆ ಹೇಳುವಂತೆ ಕೂಗಿದಳು.

"ಅದೆಲ್ಲ ಆಮೇಲೆ ಮಾತಾಡ್ಕೊಳಿ. ಮೊದ್ಲು ನನ್ನ ಟಿಕೆಟ್ ತೆಗ್ಸು!"

ಆ ಬೇಸಗೆಯಲ್ಲಿ ನಾವು ಏಪೆಕ್ಸಿಗೆ ಹೋದೆವು. ಅಮ್ಮ ಲೈಸೆನ್ಸನ್ನೂ ಪಡೆದಳು, ಈಗ ಅಲ್ಲಿ ಅವಳಿಗೆ ತನ್ನದೇ ರೋಗಿಗಳಿದ್ದಾರೆ. ಅದಕ್ಕೂ ಮುಂಚೆ, ಆಷಾಢ ಹುಟ್ಟುವಷ್ಟರಲ್ಲಿ ಅಜ್ಜಿ ಮೈಸೂರು ಸೇರಿದ್ದಳು. ಏರ್‌ಪೋರ್ಟಿನಲ್ಲಿ ಅವಳು ನನ್ನ ತಲೆ ಸವರಿದಳು, ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದಳು, ಅಮ್ಮನಿಗೆ ಏನೂ ಹೇಳದೆ ಏರ್‌ಲೈನಿನವರು ತಂದ ವೀಲ್‌ಚೇರಿನಲ್ಲಿ ಹೋಗಿಬಿಟ್ಟಳು. ಅವಳು ಮನೆ ಮುಟ್ಟಿದಾಗ ಏನಾಯಿತೆಂದು ನಮಗೆ ಹೇಳಿದ್ದು ಪಕ್ಕದ ಮನೆಯ ಆ ಹುಡುಗಿ. ಚಿಕ್ಕಜ್ಜಿ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದಳಂತೆ. ಅರ್ಧಕ್ಕರ್ಧ ಇಳಿದುಹೋಗಿದ್ದಳಂತೆ. ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಯಾಕೇ ಇಷ್ಟು ತಡ? ನಾನು ಸತ್ತಿದ್ರೆ?" ಎಂದಳಂತೆ.

ಅಜ್ಜಿ ಹೊಸಿಲಲ್ಲೇ ನಿಂತು ಚಪ್ಪಲಿ ಬಿಡುತ್ತ, "ಸೊಸೆಗೆ ಪರೀಕ್ಷೆ ಇತ್ತು," ಎಂದಳಂತೆ.